ಸಾಬೂನಿನ ಲೇಬಲ್ಲುಗಳ ನಾಲ್ಕು ಮೂಲೆಗಳ ಕುರಿತು

ಓದುಗರ ಸನ್ನಿಧಿಯಲ್ಲಿ ಈ ಕೆಳಗೆ ರುಜು ಮಾಡದಿರುವವಳ ವಿನಯಪೂರ್ವಕ ಅರಿಕೆ. ನನಗೆ ಬೇರೆ ರೀತಿಯಲ್ಲಿ ಬರೆಯಲು ಬಾರದು. ನನ್ನ ತಂದೆಯವರು ಕಾಸರಗೋಡಿನಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಅವರ ಅರ್ಜಿಗಳನ್ನು ಶುದ್ಧಪ್ರತಿ ಮಾಡುತ್ತಲೇ ನನ್ನ ಅಕ್ಷರ ದುಂಡಗಾಯಿತು. ತಪ್ಪಿದ್ದರೆ ಮನ್ನಿಸಬೇಕು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಯಜಮಾನರು ಬಂದರಿನ ಕಚೇರಿಯಲ್ಲಿದ್ದರು. ಸೇತುವೆಯ ಆಚೆ, ತೋಪ್ಪುಂಪಡಿಯಲ್ಲಿ, ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ತೆಂಗಿನೆಣ್ಣೆಯ ಸಾಬೂನು ಮಾಡುತ್ತಿದ್ದರು. ನಾನು ಅವರನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಮೋಳೆ, ಅಂದರೆ ಮಗಳೇ, ಎನ್ನುತ್ತಿದ್ದರು. ನಮ್ಮ ಮಾತೆಲ್ಲ ಮಲಯಾಳದಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ ಅಚ್ಚಿಗೆ ಹುಯ್ದು, ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಕತ್ತರಿಸಿ, ಗಾಳಿಯಾಡುವ ಕಡೆ ನಲವತ್ತು ದಿನ ಇಡಬೇಕು. ಅಷ್ಟರೊಳಗೆ ಬಳಸಿದರೆ ಮೈ ಉರಿಯುತ್ತದೆ. ಚೇಚಿಯ ಕೋಣೆ ಮಳೆಗಾಲದಲ್ಲಿ ಒಸರುತ್ತಿದ್ದುದರಿಂದ ಬಿಲ್ಲೆಗಳು ನಮ್ಮ ಮನೆಯ ಗೋಡೆಗೂಡಿನ ಎರಡು ಹಲಗೆಗಳ ಮೇಲೆ ಒಣಗುತ್ತಿದ್ದವು. ಲೇಬಲ್ ಬರೆದು ಅಂಟಿಸುವ ಕೆಲಸ ನನ್ನದಾಗಿತ್ತು.

ಆ ವರ್ಷ ತಿರುವನಂತಪುರದ ಉಳ್ಳೂರು ಜಂಕ್ಷನ್ನಿನ ಒಂದು ಅಂಗಡಿಯಿಂದ ಇನ್ನೂರು ಬಿಲ್ಲೆಗಳಿಗೆ ಬೇಡಿಕೆ ಬಂತು. ಅಂಗಡಿಯನ್ನು ನಡೆಸುತ್ತಿದ್ದವರು ನಿವೃತ್ತ ನರ್ಸಮ್ಮ. ಗಿರಾಕಿಗಳು ಹೆಚ್ಚಾಗಿ ಮೆಡಿಕಲ್ ಕಾಲೇಜಿಗೆ ಬಂದುಹೋಗುವವರು. ಲೇಬಲ್ ಇಂಗ್ಲಿಷಿನಲ್ಲಿರಬೇಕು, ಎಳೆಗೂಸಿಗೂ ಯೋಗ್ಯವೆಂದು ನಮೂದಿಸಿರಬೇಕು, ಓಣಂಗೆ ಮೊದಲೇ ತಲುಪಬೇಕು ಎಂಬುದು ಅವರ ಷರತ್ತು. ಸರಕು ಹಿಡಿಸಿದರೆ ತಿಂಗಳು ತಿಂಗಳು ತೆಗೆದುಕೊಳ್ಳುವರು. ಹಾಗಾದರೆ ಚೇಚಿ ಪಾಲಕ್ಕಾಡಿನಲ್ಲಿ ಅಣ್ಣನ ಮನೆ ಸೇರಿ, ಅತ್ತಿಗೆಯ ಅಡುಗೆಮನೆಯಲ್ಲಿ ಉಳಿದ ಆಯುಷ್ಯವನ್ನು ಕಳೆಯುವ ಅಗತ್ಯವಿರಲಿಲ್ಲ. ಆ ಮನೆಯ ಮಾತು ಬಂದರೆ ಅವರ ಮುಖ ಬಾಡುತ್ತಿತ್ತು.

ಕರ್ಕಟಕದ, ಅಂದರೆ ನಮ್ಮ ಆಷಾಢದ, ಅಮಾವಾಸ್ಯೆಗೆ ಗಂಡನಿಗೆ ಪಿಂಡದ ಬಲಿಯಿಡಲು ಚೇಚಿ ಊರಿಗೆ ಹೊರಟರು. ಹೋಗುವಾಗ ಗೋಡೆಗೂಡಿನ ಮುಂದೆ ನಿಂತು ಹೇಳಿದರು:

“ಮೋಳೆ, ಮೇಲಿನ ಹಲಗೆಯದ್ದು ಆಗಿದೆ, ಅಷ್ಟನ್ನೇ ಕಳಿಸು. ಕೆಳಗಿನದು ಹಸಿ. ಅದನ್ನು ಮುಟ್ಟಬೇಡ.”

ಮೇಲಿನ ಹಲಗೆಯಲ್ಲಿ ನೂರಿಪ್ಪತ್ತು ಬಿಲ್ಲೆಗಳಿದ್ದವು. ಬೇಡಿಕೆಯ ಕಾಗದದಲ್ಲಿ ಇನ್ನೂರು ಎಂದಿತ್ತು. ಕಾಗದದಲ್ಲಿ ಇದ್ದಂತೆ ಆಗಬೇಕೆಂಬುದು ನಾನು ಬಾಲ್ಯದಿಂದ ಕಲಿತ ಒಂದೇ ವಿದ್ಯೆ. ಒಂದು ಕಡಿಮೆಯಾದರೂ ಇಡೀ ಸರಕು ತಿರಸ್ಕೃತವಾಗುವುದೆಂದು ಹೆದರಿದೆ. ಕೆಳಗಿನ ಹಲಗೆಯ, ಹನ್ನೆರಡು ದಿನವಷ್ಟೇ ಆಗಿದ್ದ ಎಂಬತ್ತು ಬಿಲ್ಲೆಗಳನ್ನೂ ಇಳಿಸಿಕೊಂಡೆ.

ಇನ್ನೂರು ಲೇಬಲ್ಲುಗಳನ್ನು ಬರೆದು, ನಮ್ಮಲ್ಲಿ ಮದುವೆಯ ಕಾಗದಕ್ಕೆ ಮಾಡುವಂತೆ, ಪ್ರತಿಯೊಂದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಮೊದಲ ದೊಡ್ಡ ಬೇಡಿಕೆ, ಶುಭವಾಗಲೆಂಬ ಆಸೆ.

ಯಜಮಾನರು ನಕ್ಕರು. “ಎಂತ ಮಾರಾಯ್ತಿ, ಸಾಬೂನಿಗೂ ಮದುವೆ ಉಂಟಾ? ದಿಬ್ಬಣ ಯಾವ ಬಸ್ಸಿಗೆ?”

ಗಂಜಿ ಹಚ್ಚಿ ಎಲ್ಲವನ್ನೂ ಅಂಟಿಸಿ ಮುಗಿಸಿದೆ. ಮರುದಿನ ಬೆಳಗ್ಗೆ ನೋಡಿದಾಗ ನೂರಿಪ್ಪತ್ತು ಲೇಬಲ್ಲುಗಳ ಮೂಲೆಗಳು ಕೊಂಚ ಕಂದಿದ್ದವು. ಉಳಿದ ಎಂಬತ್ತರ ಮೂಲೆಗಳು ಒದ್ದೆಯಾಗಿ, ಗಾಯವಾದಂತೆ ಕೆಂಪಗಿದ್ದವು. ಅರಿಶಿನಕ್ಕೆ ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡಿದ ಕೈಗಳಿಗೆ ಅದರ ಅರ್ಥ, ಒಳಗಿನ ಕಾಸ್ಟಿಕ್ಕಿನ ಖಾರ ಇನ್ನೂ ಆರಿಲ್ಲವೆಂಬುದು, ತಿಳಿಯದೆ ಇರುವುದಿಲ್ಲ. ಅರಿಶಿನದ ಕಲೆಗೆ ಯಾವ ಸಾಬೂನು ಹಾಕಿದರೂ ಕೆಂಪಾಗುತ್ತದಲ್ಲ, ಇದರಲ್ಲೇನಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ಬಗೆಯೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದವು.

ಕತ್ತರಿ ತಂದು ಇನ್ನೂರರ ಮೂಲೆಗಳನ್ನೂ ಮೆಲ್ಲಗೆ ಎಬ್ಬಿಸಿ ಕತ್ತರಿಸಿ ತೆಗೆದೆ. ಕಂದಿದವನ್ನೂ ಬಿಡಲಿಲ್ಲ, ಎಲ್ಲವೂ ಸಮನಾಗಿ ಕಾಣಲೆಂದು.

“ಈಗ ಪೇಟೆಯ ಸಾಬೂನಿನ ಹಾಗೆ ಚಂದ ಕಾಣ್ತದೆ,” ಎಂದರು ಯಜಮಾನರು. ಪೆಟ್ಟಿಗೆಯನ್ನು ತಿರುವನಂತಪುರದ ಬಸ್ಸಿಗೆ ಹಾಕಿಸಿದರು.

ಹದಿನೈದು ದಿನಗಳ ತರುವಾಯ ಮಾರಾಟವಾಗದ ಬಿಲ್ಲೆಗಳೊಂದಿಗೆ ನರ್ಸಮ್ಮನವರ ಇಂಗ್ಲಿಷ್ ಪತ್ರ ಬಂತು. ಮೂರು ತಿಂಗಳ ಕೂಸೊಂದರ ಕತ್ತು, ಕಂಕುಳು ಬೆಂದಂತಾಗಿದೆ. ತಾಯಿ ಲೇಬಲ್ಲನ್ನು ನಂಬಿ ಕೊಂಡಿದ್ದರು. ಇನ್ನು ಮುಂದೆ ಕಳುಹಿಸಬೇಕಾಗಿಲ್ಲ.

ಚೇಚಿ ಆ ದಿನವೇ ಊರಿನಿಂದ ಬಂದಿದ್ದರು. ತೋಪ್ಪುಂಪಡಿಗೆ ಹೋಗಿ, ಅವರಿಗೆ ಇಂಗ್ಲಿಷ್ ಬಾರದ್ದರಿಂದ, ನಾನೇ ಪತ್ರವನ್ನು ಓದಿ ಹೇಳಿದೆ. ಅವರು ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕುಳಿತರು.

“ಕೈಯ ಅಳತೆ ಹೋಯಿತು ಮೋಳೆ. ಕಾಸ್ಟಿಕ್ ಹೆಚ್ಚಾಗಿರಬೇಕು. ಒಂದು ಕುಂಞಿನ ಮೈ ಸುಟ್ಟ ಕೈ ಇನ್ನು ಸಾಬೂನು ಮಾಡಬಾರದು. ಅಣ್ಣನಿಗೆ ಕಾಗದ ಹಾಕುತ್ತೇನೆ.”

ನಾನು ಪತ್ರವನ್ನು ಮಡಚಿಕೊಂಡು ಮನೆಗೆ ಬಂದೆ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಲೇಬೇಕಾದ ಸಂಗತಿ ಇದು: ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಅವರು ಪಾತ್ರೆಗಳನ್ನು ನೆರೆಯವರಿಗೆ ಕೊಡುತ್ತಿದ್ದಾರೆಂದು ಕೇಳಿ, ಸೇತುವೆ ದಾಟಿ ಓಡಿದೆ. ಬಾಗಿಲಲ್ಲೇ ನಿಂತು, ಕೆಳಗಿನ ಹಲಗೆಯ ವಿಷಯ, ಕೆಂಪಾದ ಮೂಲೆಗಳ ವಿಷಯ, ಕತ್ತರಿಯ ವಿಷಯ, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ.

ಅವರು ಬಯ್ಯಲಿಲ್ಲ. ನನ್ನೊಡನೆ ಮನೆಗೆ ಬಂದು ಖಾಲಿಯಾದ ಕೆಳಗಿನ ಹಲಗೆಯನ್ನು ಕಂಡರು. ಮರಳಿ ಬಂದ ಬಿಲ್ಲೆಗಳನ್ನು ಒಂದೊಂದಾಗಿ ಉಗುರಿನಿಂದ ಒತ್ತುತ್ತ ಹೋದರು. ಉಗುರು ಇಳಿದ ಹಸಿಯದ್ದು ಒಂದು ಕಡೆ, ಇಳಿಯದ್ದು ಇನ್ನೊಂದು ಕಡೆ.

“ಹಾಗಾದರೆ ನನ್ನ ಕೈ ಸರಿಯಾಗಿದೆ,” ಎಂದರು. ಹಸಿಯವನ್ನು ಪಕ್ಕಕ್ಕೆ ಸರಿಸುತ್ತ, “ಆ ಕುಂಞಿನ ಅಮ್ಮನಿಗೆ ಯಾರು ಹೇಳುವುದು?” ಎಂದರು.

ಓಣಂ ಕಳೆದ ನಾಲ್ಕನೆಯ ದಿನ, ಉಗುರು ಇಳಿಯದ ಮೂವತ್ತು ಬಿಲ್ಲೆಗಳನ್ನು ಕೈಚೀಲದಲ್ಲಿ ಹಿಡಿದು ಚೇಚಿಯೂ ನಾನೂ ಉಳ್ಳೂರಿಗೆ ಹೋದೆವು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಚೇಚಿ ದನಿ ತಗ್ಗಿಸಲಿಲ್ಲ.

“ಸಾಬೂನು ನನ್ನದು. ಹಸಿಯದ್ದಕ್ಕೆ ಲೇಬಲ್ ಹಚ್ಚಿದವಳು ಇವಳು. ಹೇಳು ಮೋಳೆ, ನೀನೇ ಹೇಳು.”

ನಾನು ಹೇಳಿದೆ. ಕೂಸು ವಾರದೊಳಗೆ ಗುಣವಾಗಿದೆಯೆಂದು ನರ್ಸಮ್ಮ ತಿಳಿಸಿದರು. ತಾಯಿಯ ಮನೆ ಹಿಂದಿನ ಓಣಿಯಲ್ಲೇ ಇತ್ತು. ಅಲ್ಲಿಗೂ ಹೋಗಿ ಹೇಳಿದೆ. ಆ ತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದರು. ನಾವು ಅಂಗಡಿಗೆ ಹಿಂತಿರುಗಿದಾಗ ನರ್ಸಮ್ಮ ಬಿಲ್ಲೆಯೊಂದರಿಂದ ತಮ್ಮ ಮೊಣಕೈಯ ಒಳಬದಿಯನ್ನು ತೊಳೆದುಕೊಂಡು ಗಡಿಯಾರ ನೋಡುತ್ತ ಕುಳಿತಿದ್ದರು. ಅರ್ಧ ಗಂಟೆ ಕಳೆದ ಮೇಲೆ ಮೂವತ್ತನ್ನೂ ಇಟ್ಟುಕೊಂಡರು.

ಚೇಚಿ ಪಾಲಕ್ಕಾಡಿಗೆ ಹೋಗಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ, ಮುಂದಿನ ಲೇಬಲ್ಲುಗಳಲ್ಲಿ ಸಾಬೂನು ಹುಯ್ದ ದಿನವನ್ನೂ ಸೇರಿಸಿ ಬರೆದುಕೊಡುವೆನೆಂದು ನಾನು ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಲೇ ಉತ್ತರಿಸಿದರು:

“ಬೇಡ ಮೋಳೆ. ನಾನೇ ಮಲಯಾಳದಲ್ಲಿ ಗೀಚುತ್ತೇನೆ. ನಿನ್ನ ಅಕ್ಷರ ಬಹಳ ಚೆನ್ನಾಗಿದೆ. ಅದಕ್ಕೇ ನನಗೆ ಹೆದರಿಕೆ.”