ಎರಡೂವರೆ ಹಾಡಿನ ಅಭಿಮಾನಿಗಳು

ಪ್ರೆಸ್ಸಿನಿಂದ ಆಗಷ್ಟೇ ಬಂದ ಹ್ಯಾಂಡ್‌ಬಿಲ್ಲಿಗೆ ಒಂದು ವಾಸನೆ ಇರುತ್ತದೆ. ಆ ಹಸಿ ಮಸಿಯ ವಾಸನೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ಕಳೆದ ತಿಂಗಳು ಗೆಳೆಯ ಸಿದ್ದಲಿಂಗ ಅಂಥದೊಂದು ಗುಲಾಬಿ ಹಾಳೆ ತಂದು ಕೊಟ್ಟಾಗ ಓದುವ ಮೊದಲು ಮೂಸಿದೆ. ಓದಿದ ಮೇಲೆ, ಮೂಸಿ ವಾಪಸು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ‘ಆ ಮಳೆ, ಆ ಸಂಜೆ! ಹೊಸಪೇಟೆಯ ರಾಕ್ ಸಂಗೀತ ಅಭಿಮಾನಿಗಳ ನೆನಪಿನ ಕೂಟ’ ಎಂದು ದಪ್ಪಕ್ಷರ. ಅದರ ಕೆಳಗೆ, ‘ಅಂದು ಮೊದಲ ಸಾಲಿನಲ್ಲಿದ್ದವರ ಅನುಭವ’ ಎಂದು. ಅದರ ಕೆಳಗೆ ನನ್ನ ಹೆಸರು.

“ಒಂದ್ ಮಾತು ಕೇಳದಾ ಹಾಕೀಯಲ್ಲಪ” ಎಂದೆ.

“ಕೇಳಿದ್ರ ಬ್ಯಾಡ ಅಂತಿದ್ದಿ” ಎಂದ ಸಿದ್ದಲಿಂಗ. ಗೊಬ್ಬರದ ಅಂಗಡಿ ಇಟ್ಟುಕೊಂಡವನು ಅವನು. ಯಾರಿಗೆ ಏನು ಬೇಕು ಎಂದು ಅವರಿಗಿಂತ ಮೊದಲು ತನಗೇ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ.

ಹೊಸಪೇಟೆಗೂ ರಾಕ್ ಸಂಗೀತಕ್ಕೂ ಎತ್ತಣ ಸಂಬಂಧ ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ತಪ್ಪಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾವೂ ಏರಿಸಿದ್ದೆವು. ಕಾಲುವೆ ನೀರು ಕಬ್ಬಿಗೆ ಹರಿದು, ಕಬ್ಬು ಮೋಟಾರ್ ಸೈಕಲ್ಲಾಗಿ, ಮೋಟಾರ್ ಸೈಕಲ್ಲು ತಲೆಗೇರಿದ್ದ ಕಾಲ ಅದು. ಹಂಪಿಯಲ್ಲಿ ಉದ್ದ ಕೂದಲಿನ ಬಿಳಿಯರು ಬಂಡೆಯ ಮೇಲೆ ಗಿಟಾರು ಹಿಡಿದು ಕೂರುತ್ತಿದ್ದರು. ನಾವು ಐದಾರು ಗೆಳೆಯರು ಸೈಕಲ್ ತುಳಿದುಕೊಂಡು ಹೋಗಿ ಅವರ ಎದುರು ಕೂತು, ಏನೂ ತಿಳಿಯದಿದ್ದರೂ ಕಣ್ಣು ಮುಚ್ಚಿ ತಲೆದೂಗಿ ಬರುತ್ತಿದ್ದೆವು. ಅಷ್ಟಕ್ಕೇ ನಾವು ಅಭಿಮಾನಿಗಳಾದೆವು.

ಆಗ ಮದರಾಸಿನಲ್ಲಿ ಓದಿ ಬಂದಿದ್ದ ಕಂಪ್ಲಿಯ ರೈಸ್‌ಮಿಲ್ ಮಾಲೀಕರ ಮಗನೊಬ್ಬ, ಊರನ್ನು ಉದ್ಧಾರ ಮಾಡದೆ ಬಿಡುವುದಿಲ್ಲ ಎಂದು ಹಟ ತೊಟ್ಟು, ಫುಟ್‌ಬಾಲ್ ಫೈನಲ್ ಮುಗಿದ ದಿನವೇ ಬೆಂಗಳೂರಿನಿಂದ ಒಂದು ಬ್ಯಾಂಡ್ ಕರೆಸಿದ. ಬ್ಯಾಂಡಿನ ಹೆಸರು ನನ್ನನ್ನು ಕೇಳಬೇಡಿ. ಅಭಿಮಾನಿಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರೂ ಆಣೆ ಮಾಡಿ ಹೇಳುತ್ತಾರೆ. ಜಾಗ ಮಾತ್ರ ಎಲ್ಲರಿಗೂ ಗೊತ್ತು: ಕಾಲುವೆ ಕೆಳಗಿನ ಸ್ಟೇಡಿಯಂ. ಒಂದು ಕಡೆ ಗೋಡೆ, ಗೋಡೆಗೆ ಆತುಕೊಂಡು ಮೂರು ಮೆಟ್ಟಿಲು, ಉಳಿದದ್ದೆಲ್ಲ ಬಯಲು. ಆದರೂ ಅದನ್ನು ಮೈದಾನ ಅಂದರೆ ಸಿದ್ದಲಿಂಗನಿಗೆ ಇಂದಿಗೂ ಸಿಟ್ಟು ಬರುತ್ತದೆ.

ಅಂದು ಮಧ್ಯಾಹ್ನದಿಂದಲೇ ಹೆಣ್ಣುಮಕ್ಕಳು ಜಮಖಾನ ಹಾಸಿ ಜಾಗ ಹಿಡಿದರು. ಬುತ್ತಿ ಬಂತು, ಮಂಡಕ್ಕಿ ಮೆಣಸಿನಕಾಯಿ ಬಂತು, ಕೂಸುಗಳು ಬಂದವು. ಬಯಲಾಟಕ್ಕೆ ಬಂದ ಹಾಗೆಯೇ ಬಂದಿದ್ದರು ಪಾಪ. ಗಿಟಾರಿನವನು ವೇದಿಕೆಗೆ ಬಂದಾಗ ಒಬ್ಬ ಮುದುಕ ಪಕ್ಕದವರನ್ನು, “ರಾಜನ ಪಾತ್ರ ಯಾವಾಗ ಬರ್ತತಿ?” ಎಂದು ಕೇಳಿದ. “ಬರ್ತತಿ, ಕುಂದ್ರಜ್ಜ, ಇನ್ನಾ ಗಣಪತಿ ಪೂಜಿ ಆಗಿಲ್ಲ” ಎಂದರು.

ಇದು ನಡೆದದ್ದು. ಈಗ ಅಭಿಮಾನಿಗಳ ನೆನಪಿನಲ್ಲಿ ನಡೆದದ್ದು ಕೇಳಿ. ಮೂರು ತಾಸು ಹಾಡಿದರಂತೆ. ನಾಲ್ಕನೇ ಹಾಡಿಗೆ ಆಕಾಶ ಬಾಯಿ ಬಿಟ್ಟು ಧೋ ಎಂದು ಮಳೆ ಸುರಿಯಿತಂತೆ. ಮಳೆಯಲ್ಲೇ ಗಿಟಾರು ನುಡಿಸಿದರಂತೆ, ಮಳೆಯಲ್ಲೇ ಇಡೀ ಹೊಸಪೇಟೆ ಕುಣಿಯಿತಂತೆ. ನಮ್ಮ ಬಾಗಿಲಿಗೆ ಬರುವ ಪೋಸ್ಟ್‌ಮ್ಯಾನ್ ಕೂಡ ಆ ಮಳೆಯಲ್ಲಿ ನೆಂದು ಎಂಟು ದಿನ ಜ್ವರ ಬಂದು ಮಲಗಿದ್ದನಂತೆ. ಅವನಿಗೆ ಆಗ ಆರು ವರ್ಷ, ಊರು ಗದಗ. ಇರಲಿ, ಜ್ವರ ಎಲ್ಲಿಂದ ಬೇಕಾದರೂ ಬರಬಹುದು.

ಹಾಡಿದ್ದು ಎರಡೂವರೆ ಹಾಡು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಾಘ ಮಾಸದಲ್ಲಿ ನಮ್ಮ ಕಡೆ ಮಳೆ ಬರುತ್ತದೆಯೇ ಎಂದು ಇಪ್ಪತ್ತು ವರ್ಷದಲ್ಲಿ ಒಬ್ಬ ಅಭಿಮಾನಿಯೂ ಕೇಳಿಕೊಳ್ಳಲಿಲ್ಲ. ಮೂರನೇ ಹಾಡಿನ ನಡುವೆ ನೀರು ಬಂದದ್ದು ಮೇಲಿನಿಂದಲ್ಲ, ಗೋಲುಕಂಬದ ಹಿಂದಿನಿಂದ. ಮೊದಲು ಜಮಖಾನ ನೆನೆದವು. “ಅಯ್ಯೋ ಕೂಸಾ!” ಎಂದು ಹೆಂಗಸರು ಎದ್ದರು. ನೀರು ಜನರೇಟರಿನ ಹತ್ತಿರ ಹೋಗುತ್ತಿದ್ದಂತೆ ರೈಸ್‌ಮಿಲ್ಲಿನವರ ಮಗ ಅದನ್ನು ನಿಲ್ಲಿಸಿದ. ಗಿಟಾರು ಅರ್ಧಕ್ಕೆ ಬಾಯಿ ಮುಚ್ಚಿತು. ನಾವು ಕೆಲವು ಹುಡುಗರು ಕೆಸರಿನಲ್ಲಿ ಜಾರದಂತೆ ಕಾಲೆತ್ತಿ ಕಾಲಿಟ್ಟೆವಲ್ಲ, ಅದೇ ಇಂದಿನ ಪುರಾಣದ ನೃತ್ಯ.

ಇಷ್ಟು ಖಚಿತವಾಗಿ ನನಗೆ ಹೇಗೆ ಗೊತ್ತು ಅಂದಿರಾ? ನೀರು ಬಿಟ್ಟವನೇ ನಾನು.

ಸ್ಟೇಡಿಯಂನ ಮೇಲುಗಡೆ ನಮ್ಮದು ಎರಡೆಕರೆ ಕಬ್ಬು; ಹೊಲ ತುಂಬಿದರೆ ನೀರು ನೇರ ಸ್ಟೇಡಿಯಂ ಕಡೆಗೇ ಇಳಿಯುತ್ತದೆ. ಆ ದಿನ ಸಂಜೆ ಆರರವರೆಗೆ ನೀರಿನ ಪಾಳಿ ನಮ್ಮದು. ಪಾಳಿ ಮುಗಿದ ಮೇಲೆ ಹೊಲಕ್ಕೆ ನೀರು ಬರುವ ಗಂಡಿಯನ್ನು ಮಣ್ಣು, ಹುಲ್ಲು ಹಾಕಿ ಕಟ್ಟಬೇಕು. ಕಟ್ಟಿ, ದಂಡೆಯ ಮೇಲೆ ನಿಂತು “ಕಟ್ಟೀನೋ!” ಎಂದು ಕೂಗಬೇಕು. ಆ ಕೂಗು ಕೇಳಿ, ಕಾಲುವೆ ನೀರು ಹಂಚುವ ನೀರುಗಂಟಿ ಕೆಳಗಿನ ಹೊಲದವರ ಕಡೆಗೆ ಹೋಗುತ್ತಿದ್ದ. ಬಂದು ನೋಡುವ ಪದ್ಧತಿ ಇರಲಿಲ್ಲ. ನೀರಿನ ವಿಷಯದಲ್ಲಿ ಸುಳ್ಳು ಕೂಗು ಕೂಗಿದವರನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ನೋಡಬೇಕಾದ ಪ್ರಮೇಯವೂ ಬಂದಿರಲಿಲ್ಲ.

ನಮ್ಮ ನೀರುಗಂಟಿ ಹುಲುಗಪ್ಪ. ನಾವು ಮಾಮ ಅನ್ನುತ್ತಿದ್ದೆವು. ಅವನ ಅಪ್ಪ, ಅಜ್ಜ ಎಲ್ಲರೂ ಅದೇ ಕಾಲುವೆಯ ನೀರುಗಂಟಿಗಳು. ಸೊಂಟಕ್ಕೆ ಟವೆಲ್ಲು ಬಿಗಿದು ದಂಡೆಯ ಮೇಲೆ ನಡೆದುಕೊಂಡು ಬಂದನೆಂದರೆ, ಜಗಳವಾಡುತ್ತಿದ್ದ ರೈತರು ಅರ್ಧ ಮಾತಿಗೇ ಸುಮ್ಮನಾಗುತ್ತಿದ್ದರು. ಸೇದುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ನನಗೆ ಈಜು ಕಲಿಸಿದವನೂ ಅವನೇ.

ಅಂದು ನಾನು ಹೊಲಕ್ಕೆ ಹೋದದ್ದೇ ಬೆಲ್‌ಬಾಟಮ್ ಹಾಕಿಕೊಂಡು. ಹಿಂದಿನ ದಿನ ದರ್ಜಿ ಕೊಟ್ಟಿದ್ದ ಹೊಸ ಪ್ಯಾಂಟು; ಒಂದೊಂದು ಕಾಲಿನಲ್ಲಿ ಒಂದೊಂದು ಮೇಕೆಮರಿ ಬಚ್ಚಿಡಬಹುದಿತ್ತು. ಆರು ಹೊಡೆಯುವ ಹೊತ್ತಿಗೆ ಕೆಳಗಿನಿಂದ ಗಿಟಾರಿನ ಸದ್ದು ಬಂತು. ಗಂಡಿ ಕಟ್ಟಬೇಕಾದರೆ ಮೊಣಕಾಲುದ್ದ ಕೆಸರಿಗೆ ಇಳಿಯಬೇಕು. ನಾನು ಪ್ಯಾಂಟು ನೋಡಿದೆ, ಕೆಸರು ನೋಡಿದೆ, ಮತ್ತೆ ಪ್ಯಾಂಟು ನೋಡಿದೆ. ಆಮೇಲೆ ದಂಡೆ ಹತ್ತಿ, ಗಂಟಲು ಹರಿಯುವಂತೆ “ಕಟ್ಟೀನೋ ಮಾಮಾ!” ಎಂದು ಕೂಗಿ ಓಡಿದೆ. ಮೊದಲ ಸಾಲಿನಲ್ಲಿ ಜಾಗ ಸಿಕ್ಕಿತು. ಹ್ಯಾಂಡ್‌ಬಿಲ್ಲಿನಲ್ಲಿ ಇರುವ ನಿಜ ಅದೊಂದೇ.

ಮರುದಿನ ಗುಡಿಕಟ್ಟೆಯಲ್ಲಿ ರೈತರೆಲ್ಲ ಸೇರಿದರು. ಸಿದ್ದಲಿಂಗನ ಅಪ್ಪ ರುದ್ರಗೌಡರು ಆಗ ಕಾಲುವೆ ರೈತರ ಹಿರಿಯರು. ನಮ್ಮ ಹೊಲದ ಕೆಳಗೇ ಇದ್ದ ಅವರ ಭತ್ತದ ಸಸಿಮಡಿ ಪೂರ್ತಿ ಕೊಚ್ಚಿಹೋಗಿತ್ತು, ಜೊತೆಗೆ ಊರ ಮುಂದೆ ಮಾನವೂ ಹೋಗಿತ್ತು.

“ಕೂಗು ಕೇಳಿಸ್ತು, ಅದಕ್ಕ ಕೆಳಗ ಹೋದೆನ್ರಿ” ಎಂದ ಹುಲುಗಪ್ಪ.

ನಮ್ಮಪ್ಪ ಎದ್ದು ನಿಂತರು. “ನನ್ ಮಗ ಗಂಡಿ ಕಟ್ಟೇ ಕೂಗ್ಯಾನ. ಮ್ಯಾಲಿಂದ ನೀರು ಜಾಸ್ತಿ ಬಿಟ್ಟದ್ದಕ್ಕ ಕಟ್ಟಿದ್ದು ಒಡದೈತಿ” ಎಂದು ನನ್ನ ಕಡೆ ತಿರುಗಿ, “ಹೌದಲ್ಲೋ?” ಎಂದರು.

ಹುಲುಗಪ್ಪನೂ ನನ್ನ ಕಡೆ ನೋಡಿದ. ನಾನು “ಹೂಂ” ಎಂದೆ. ಇಂಗ್ಲಿಷ್ ಹಾಡಿಗೆ ಬಾಯಿ ತುಂಬ ಕಿರುಚಿದ್ದವನಿಗೆ ಅಂದು ಬಂದದ್ದು ಅದೊಂದೇ ಅಕ್ಷರ.

“ಕುಡುದು ಎಲ್ಲೋ ಬಿದ್ದಿರ್ಬೇಕು, ಮತ್ತೇನು” ಎಂದರು ರುದ್ರಗೌಡರು. ಹುಲುಗಪ್ಪ ಸೊಂಟದ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಟ್ಟೆ ಇಳಿದ. ಹದಿನೈದು ದಿನದಲ್ಲಿ ಬೇರೆ ನೀರುಗಂಟಿ ಬಂದ. ಹುಲುಗಪ್ಪ ಸಂಡೂರು ಗಣಿಗೆ ಅದಿರು ತುಂಬಲು ಹೋದನೆಂದು ಸುದ್ದಿ ಬಂತು. ಊರಿನ ಹುಡುಗರು ಅವನ ಹೆಸರಿನ ಮುಂದೆ ‘ಕುಡುಕ’ ಸೇರಿಸಿದರು, ನಾನು ತಿದ್ದಲಿಲ್ಲ. ಆಮೇಲಾಮೇಲೆ ಎಲ್ಲರೂ ಮಳೆ ಮಳೆ ಎನ್ನತೊಡಗಿದಾಗ ನನಗೆ ಎಷ್ಟು ಹಾಯೆನ್ನಿಸಿತೆಂದರೆ, ಒಂದೆರಡು ಸಲ ಆ ಮಳೆಗೆ ಗುಡುಗನ್ನೂ ನಾನೇ ಸೇರಿಸಿದ್ದೇನೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಹ್ಯಾಂಡ್‌ಬಿಲ್ಲು ಬಂದ ನಾಲ್ಕನೇ ದಿನ ಸಂಡೂರು ಬಸ್ಸು ಹತ್ತಿದೆ. ವಿಚಾರಿಸಿದರೆ ಹುಲುಗಪ್ಪ ಬಂಡ್ರಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದರು. ಬಸ್ಸು ಬದಲಿಸಿ ಹೋದೆ. ಅಂಗಳದಲ್ಲಿ ಕೂತು ಬೀಜದ ಶೇಂಗಾ ಒಡೆಯುತ್ತಿದ್ದ. ಅದಿರು ಹೊತ್ತು ಹೊತ್ತು ಬಲಭುಜ ತಗ್ಗಾಗಿತ್ತು. ಮುಖ ನೋಡಿದ ಕೂಡಲೇ ಗುರುತು ಹಿಡಿದ.

“ಬಾರಪ, ಕುಂದ್ರು. ಅಪ್ಪ ಹ್ಯಾಂಗದಾನ?”

“ಅಪ್ಪ ಹೋಗಿ ಆರು ವರ್ಷ ಆತು ಮಾಮ” ಎಂದು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, “ಅವತ್ತು ನಾ ಗಂಡಿ ಕಟ್ಟಿರಲಿಲ್ಲ” ಎಂದುಬಿಟ್ಟೆ.

“ಗೊತ್ತೈತಿ” ಎಂದ. ಕೈ ನಿಲ್ಲಲಿಲ್ಲ. “ನಿನ್ನ ಸಲಿಕಿ ದಂಡಿ ಮ್ಯಾಲ ಬಿದ್ದಿತ್ತು, ಒಂದ್ ಚೂರು ಹಸಿ ಮಣ್ಣು ಹತ್ತಿರಲಿಲ್ಲ. ನಾನಾ ತಗಂಡು ಹೋಗಿ ನಿಮ್ಮ ಹಿತ್ತಲದಾಗ ಇಟ್ಟು ಬಂದೆ.”

“ಯಾಕ ಮಾಮ? ಕಟ್ಟಿಮ್ಯಾಲ ಹೇಳಬಹುದಿತ್ತಲ್ಲ?”

“ನಿಮ್ಮಪ್ಪ ಅಷ್ಟ್ ಮಂದಿ ಮುಂದ ನಿನ್ನ ಮಾತು ನಂಬಿ ನಿಂತಿದ್ದ. ಅವನ ತಲಿ ತಗ್ಗಿಸಾಕ ನನಗ ಮನಸ್ಸು ಬರಲಿಲ್ಲ. ನೀನಾ ಹೇಳ್ತಿ ಅನ್ಕಂಡಿದ್ದೆ. ಒಂದಿನ ನೋಡಿದೆ, ಎಲ್ಡು ದಿನ ನೋಡಿದೆ.” ಇನ್ನೊಂದು ಶೇಂಗಾ ಒಡೆದು, “ಅದಿರು ಹೊರಾದು ಏನ್ ಮಹಾ ಬಿಡು, ಎಲ್ರೂ ಹೊತ್ರು. ಕುಡುಕ ಅಂದ್ರಲ್ಲ, ಅದು ಆಗಲಿಲ್ಲ ನನಗ” ಎಂದ.

ನನಗೆ ಅಳು ಬಂತು. ಕಾಲಿಗೆ ಬೀಳಲು ಹೋದೆ.

“ಏ, ಎದ್ದೇಳು. ನನ್ ಮುಂದ ಹೇಳಿದ್ರ ಏನ್ ಬಂತು? ನನಗ ಮೊದ್ಲಾ ಗೊತ್ತಿತ್ತು. ಗೊತ್ತಿಲ್ಲದವರ ಮುಂದ ಹೇಳು.”

ಕೂಟ ನಡೆದದ್ದು ಹೋದ ಭಾನುವಾರ ಸಂಜೆ, ಅದೇ ಸ್ಟೇಡಿಯಂನಲ್ಲಿ. ಹಳೆಯ ಬೆಲ್‌ಬಾಟಮ್‌ಗಳು ಹೊಟ್ಟೆಗೆ ಒಗ್ಗದ ಕಾರಣ ಅಭಿಮಾನಿಗಳೆಲ್ಲ ಸಫಾರಿಯಲ್ಲಿದ್ದರು. ಒಬ್ಬ ಮಳೆಯ ಮೇಲೆ ಕವನ ಓದಿದ. ಇನ್ನೊಬ್ಬ ಆಲಿಕಲ್ಲು ಬಿದ್ದದ್ದನ್ನು ನೆನೆದ. ಎದುರಿನ ಕುರ್ಚಿಯಲ್ಲಿ ರುದ್ರಗೌಡರು ಕೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದರು. ಮಗನ ಸಡಗರ ನೋಡಲು ಬಂದಿದ್ದರು.

ಮೈಕು ನನ್ನ ಕೈಗೆ ಬಂತು. “ಅವತ್ತು ಮಳೆ ಬರಲಿಲ್ಲ. ನಾನು ಗಂಡಿ ಕಟ್ಟದೆ, ಕಟ್ಟಿದೆ ಅಂತ ಸುಳ್ಳು ಕೂಗಿ ಇಲ್ಲಿಗೆ ಓಡಿ ಬಂದೆ. ಅದೇ ನೀರು. ಹುಲುಗಪ್ಪನ ತಪ್ಪು ಏನೂ ಇರಲಿಲ್ಲ” ಎಂದೆ.

ಎಲ್ಲರೂ ಹೊಟ್ಟೆ ತುಂಬ ನಕ್ಕರು. ಚಪ್ಪಾಳೆ ಬಿತ್ತು. “ಮಸ್ತ್ ಜೋಕಲೇ!” ಎಂದು ಸಿದ್ದಲಿಂಗ ವೇದಿಕೆಯ ಮೇಲಿಂದಲೇ ಕೂಗಿದ. ನಾನು ಮತ್ತೆ ಅದನ್ನೇ ಹೇಳಿದೆ. ನಗು ಕಡಿಮೆಯಾಯಿತು. ಮೂರನೇ ಸಲ ಹೇಳಿದಾಗ ಯಾರೂ ನಗಲಿಲ್ಲ. ಸಿದ್ದಲಿಂಗ ಬಂದು ನನ್ನ ತೋಳು ಹಿಡಿದು, “ಕಾರ್ಯಕ್ರಮ ಕೆಡಿಸಬ್ಯಾಡಪ, ಕೆಳಗಿಳಿ” ಎಂದ.

ಅಷ್ಟರಲ್ಲಿ ರುದ್ರಗೌಡರು ಕೋಲು ಊರಿ ಎದ್ದು ನಿಂತಿದ್ದರು.

“ಹಂಗಾರ ಅವ ಕುಡಿದಿರಲಿಲ್ಲೇನು?”

“ಇಲ್ರಿ ಗೌಡ್ರ. ಅವ ಜಲ್ಮದಾಗ ಕುಡುದವನಲ್ಲ.”

ಅವರು ಕೋಲು ಊರುತ್ತ ವೇದಿಕೆಯ ಹತ್ತಿರ ಬಂದರು.

“ಇಷ್ಟು ಹೇಳಾಕ ಇಪ್ಪತ್ತು ವರ್ಷ ಬೇಕಾತೇನಲೇ ನಿನಗ?”

“ಹೌದ್ರಿ” ಎಂದೆ. ಮೈಕು ಇನ್ನೂ ನನ್ನ ಕೈಯಲ್ಲೇ ಇದ್ದುದರಿಂದ ಅದು ಇಡೀ ಬಯಲಿಗೆ ಕೇಳಿಸಿತು.