ಹಿಂದಿನ ಕೋಣೆಯ ಕಿಟಕಿ

ರಿಪೇರಿ ಅಂಗಡಿಯವನನ್ನು ಬೀದಿಯವರೆಲ್ಲ ‘ಬೇಕಾಗುತ್ತೆ ಮಾಮ’ ಎಂದೇ ಕರೆಯುತ್ತಿದ್ದರು. ಸುಟ್ಟ ಫ್ಯಾನು, ಕೆಟ್ಟ ಮಿಕ್ಸಿ, ಮಾತು ನಿಂತ ರೇಡಿಯೊ, ಯಾರಾದರೂ ಏನನ್ನಾದರೂ ಎಸೆಯಲು ಹೊರಟರೆ ಸಾಕು, ಅವನು ಕೈ ಚಾಚಿ, “ಇಲ್ಲಿ ಕೊಡಿ, ಬೇಕಾಗುತ್ತೆ” ಎನ್ನುತ್ತಿದ್ದ. ಎಂಥ ಸತ್ತ ಯಂತ್ರದ ಹೊಟ್ಟೆಯಲ್ಲೂ ಜೀವವಿರುವ ಒಂದು ಭಾಗ ಇದ್ದೇ ಇರುತ್ತದೆ ಎಂಬುದು ಅವನ ನಂಬಿಕೆ. ಅಂಗಡಿ ತುಂಬಿದ ಮೇಲೆ ಅವು ಮೆಟ್ಟಿಲು ಹತ್ತಿ ಮಹಡಿಯ ಮನೆಗೆ ಬಂದವು. ಗಂಡ ಹೆಂಡತಿ ಈ ಮನೆಗೆ ಬಂದ ಮೊದಲ ತಿಂಗಳಲ್ಲೇ ಹಿಂದಿನ ಕೋಣೆಯ ಕಿಟಕಿಯನ್ನು ನುಂಗಿದವು, ಆಮೇಲೆ ಕೋಣೆಯನ್ನೂ.

“ಭಾವ, ಈ ಮನೆಗೆ ಅವೇ ಯಜಮಾನರು. ನೀವಿಬ್ರೂ ಬಾಡಿಗೆಗಿದ್ದೀರಿ ಅಷ್ಟೇ,” ಎಂದು ಹೆಂಡತಿಯ ತಂಗಿ ಬಂದಾಗಲೆಲ್ಲ ಚುಚ್ಚುತ್ತಿದ್ದಳು.

ಹೆಂಡತಿ ಒಂದು ದಿನವೂ ಚುಚ್ಚಿದವಳಲ್ಲ. ಇಪ್ಪತ್ತಾರು ವರ್ಷದಿಂದ ಅವಳು ಮುಂದಿನ ಕೋಣೆಯಲ್ಲಿ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಟ್ಟೆ ಅಂಗಡಿಯವರು ಕತ್ತರಿಸಿದ ಬಟ್ಟೆಯನ್ನು ಕಟ್ಟುಕಟ್ಟಾಗಿ ತಂದು ಹಾಕುತ್ತಿದ್ದರು, ಹೊಲಿದದ್ದನ್ನು ಕಟ್ಟುಕಟ್ಟಾಗಿ ಒಯ್ಯುತ್ತಿದ್ದರು.

ಬೇಸಿಗೆ ರಜೆ ಶುರುವಾದ ವಾರ ಕಣ್ಣಿನ ಡಾಕ್ಟರು ಅವಳ ಕಣ್ಣಿನ ನರ ಒಣಗುತ್ತಿದೆ ಎಂದರು. ಹೋದ ದೃಷ್ಟಿ ಮತ್ತೆ ಬಾರದು, ಉಳಿದದ್ದು ಎಷ್ಟು ದಿನವೋ ಹೇಳಲಾಗದು.

ಮನೆಗೆ ಬಂದು ಚಪ್ಪಲಿ ಬಿಡುತ್ತ ಅವಳು ಕೇಳಿದಳು, “ರೀ, ಹಿಂದಿನ ಕಿಟಕಿ ಬಿಡಿಸಿ ಕೊಡ್ತೀರಾ?”

“ಯಾಕೆ?”

“ನಾನು ಹೊಲಿದಿದ್ದನ್ನ ಹಾಕ್ಕೊಂಡು ಮಕ್ಕಳೆಲ್ಲ ಒಟ್ಟಿಗೆ ನಿಂತಿದ್ದನ್ನ ಒಂದ್ಸಲಾನೂ ನೋಡಿಲ್ಲ. ಒಂದೇ ಒಂದ್ಸಲ ನೋಡ್ಬೇಕು.”

ಶಾಲೆಯ ಮೈದಾನ ಮನೆಯ ಬೆನ್ನಿಗೇ ಇತ್ತು. ಗೋಡೆ ಆಳೆತ್ತರ. ಬೆಳಗ್ಗೆ ಮಕ್ಕಳು ಸಾಲಾಗಿ ನಿಲ್ಲುವ ಹೊತ್ತಿಗೆ ಗೇಟು ಮುಚ್ಚಿರುತ್ತಿತ್ತು. ಆ ನೋಟ ಸಿಗುವುದು ಆ ಕಿಟಕಿಯಿಂದ ಮಾತ್ರ.

“ಶಾಲೆ ತೆಗೆಯೋದ್ರೊಳಗೆ ಖಾಲಿ ಮಾಡ್ತೀನಿ,” ಎಂದ ಅವನು. ಮನಸಾರೆ ಆಡಿದ ಮಾತು ಅದು.

ಮರುದಿನವೇ ಗುಜರಿಯವನು ಗಾಡಿ ತಂದ. ಕೋಣೆಯೊಳಗೆ ಇಣುಕಿ, “ಎರಡು ಗಾಡಿ ಆಗುತ್ತೆ ಮಾಮ. ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಕಬಡ್ಡಿ ಆಡಬಹುದು,” ಎಂದ.

ಮಾಮ ಬಾಗಿಲಿಗೆ ಅಡ್ಡ ನಿಂತ. “ತಡಿಯಪ್ಪಾ. ಜೀವ ಇರೋದನ್ನ ಹಾಗೇ ಕೊಡೋಕಾಗುತ್ತಾ? ಬಿಚ್ಚಿ ತೆಗೆದಿಟ್ಕೊಂಡು ಕೊಡ್ತೀನಿ.”

ಅಲ್ಲಿದ್ದದ್ದು ಎಪ್ಪತ್ತೆರಡು ಯಂತ್ರ. ಸಂಜೆ ಅಂಗಡಿ ಮುಚ್ಚಿ ಬಂದು ದಿನಕ್ಕೊಂದರಂತೆ ಬಿಚ್ಚಿದ. ತಂತಿ, ಸ್ವಿಚ್ಚು, ಬೇರಿಂಗು ಎಂದು ಬಿಡಿಬಿಡಿಯಾಗಿ ಡಬ್ಬಿಗೆ ಹಾಕಿದ. ಅವಳು ಪಕ್ಕದಲ್ಲಿ ಕೂತು ಅಂಗೈಯಲ್ಲಿ ಸ್ಕ್ರೂ ಹಿಡಿದುಕೊಳ್ಳುತ್ತಿದ್ದಳು. ಶಾಲೆ ತೆಗೆಯಿತು. ಗೋಡೆಯಾಚೆ ಗಂಟೆ ಹೊಡೆಯಿತು. “ಇನ್ನು ಇಪ್ಪತ್ತೇ ಕಣೇ,” ಎಂದ. “ಆಗ್ಲಿ ಬಿಡಿ, ಮಕ್ಕಳೆಲ್ಲಿಗೆ ಹೋಗ್ತಾರೆ,” ಎಂದಳು.

ಒಂದು ಸಂಜೆ ಅವನು ಸಣ್ಣ ಸ್ಕ್ರೂ ಕೇಳಿದಾಗ ಅವಳು ಬೆರಳಲ್ಲೇ ಹೊರಳಿಸಿ ಅದನ್ನೇ ಆರಿಸಿ ಕೊಟ್ಟಳು. “ಅಬ್ಬಾ, ನೋಡದೇನೇ ಕೊಟ್ಯಲ್ಲೇ! ನೀನೂ ಮೆಕ್ಯಾನಿಕ್ ಆಗ್ಬಿಟ್ಟೆ,” ಎಂದು ಅವನು ಬೆನ್ನು ತಟ್ಟಿದ. ಅವಳು ನಕ್ಕಳು.

ಕೊನೆಯ ಯಂತ್ರ ಹೋದ ಮರುದಿನ ಬೆಳಗ್ಗೆ ಅವನು ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟು ಕಿಟಕಿ ತೆರೆದ. ಬಿಸಿಲು ನೆಲಕ್ಕೆ ಬಿತ್ತು. ಕೆಳಗೆ ಮೈದಾನದ ತುಂಬ ಮಕ್ಕಳು.

“ಬಾ, ಬೇಗ ಬಾ!”

ಅವಳು ಗೋಡೆ ಸವರುತ್ತ ಬಂದು ಕಿಟಕಿಯ ಸರಳು ಹಿಡಿದಳು. ಮುಖವನ್ನು ಸದ್ದಿನ ಕಡೆ ತಿರುಗಿಸಿದಳು. ಬಿಸಿಲು ನೇರ ಕಣ್ಣಿಗೆ ಬಿದ್ದರೂ ರೆಪ್ಪೆ ಮಿಟುಕಲಿಲ್ಲ.

ಅವನ ಕೈಯಲ್ಲಿದ್ದ ಎಣ್ಣೆಡಬ್ಬಿ ವಾಲಿತು. “ಯಾವತ್ತಿಂದ?”

“ಆ ಟೇಪ್ ರೆಕಾರ್ಡರ್ ಬಿಚ್ಚಿದ್ರಲ್ಲ, ಆ ವಾರದಿಂದ.”

ಅದಾಗಿ ಹದಿನಾಲ್ಕು ಯಂತ್ರ ಬಿಚ್ಚಿದ್ದ.

“ಹೇಳಬಾರದಿತ್ತೇನೇ?”

“ಹೇಳಿದ್ರೆ ನೀವು ಅಲ್ಲಿಗೇ ನಿಲ್ಲಿಸಿಬಿಡ್ತಿದ್ರಿ. ನನಗೆ ಕಿಟಕಿ ಬೇಕಿತ್ತು.” ಅವಳು ಗಾಳಿಗೆ ಮುಖ ಒಡ್ಡಿದಳು. “ಹೇಳಿ, ಏನು ಕಾಣುತ್ತೆ?”

ಅವನು ಸರಳಿಗೆ ಹಣೆ ಒತ್ತಿ ಕೆಳಗೆ ನೋಡಿದ. “ಗಂಟೆ ಕಂಬ ವಾಲಿದೆ. ಬುಡದಲ್ಲಿ ಒಂದು ಬೋಲ್ಟಿಲ್ಲ. ಮೈಕಿನ ತಂತಿ...”

“ರಿಪೇರಿ ಬೇಡ ರೀ. ಮಕ್ಕಳನ್ನ ಹೇಳಿ.”

ಸುಮ್ಮನೆ ನೋಡುವುದು ಅವನಿಗೆ ರೂಢಿಯಿರಲಿಲ್ಲ. ನಿಧಾನವಾಗಿ ನೋಡಿದ. “ಮೊದಲ ಸಾಲಲ್ಲಿ ಒಂದು ಪುಟ್ಟ ಹುಡುಗಿ. ಅಂಗಿ ತೋಳು ಬೆರಳು ದಾಟಿದೆ, ಕೈಯೇ ಕಾಣಲ್ಲ. ಅದರಲ್ಲೇ ಮೂಗು ಒರೆಸ್ಕೊಂಡ್ಲು.”

ಅವಳು ಬೆರಳಲ್ಲಿ ಅಳತೆ ತೋರಿಸಿದಳು. “ನಾನೇ ಎರಡಿಂಚು ಹೆಚ್ಚಿಗೆ ಬಿಟ್ಟಿದ್ದು. ಮುಂದಿನ ವರ್ಷಕ್ಕೂ ಆಗ್ಲಿ ಅಂತ ಅವರಪ್ಪ ಅಮ್ಮ ಬಟ್ಟೆ ಅಂಗಡಿಯವರ ಕೈಲಿ ಹೇಳಿಸಿರ್ತಾರೆ.”

ಮುಂದಿನ ಬೀದಿಯಿಂದ ಯಾರೋ ಕೂಗಿದರು, “ಮಾಮಾ, ಅಂಗಡಿ ತೆಗೀರಿ! ಹಳೇ ಇಸ್ತ್ರಿ ಪೆಟ್ಟಿಗೆ ತಂದಿದ್ದೀನಿ, ಬಿಟ್ಟಿ! ಬೇಕಾಗುತ್ತಾ?”

ಮಂಚದ ಕೆಳಗೆ ಒಂಬತ್ತು ಡಬ್ಬಿ ತುಂಬ ಜೀವವಿರುವ ಭಾಗಗಳಿದ್ದವು. ಅವುಗಳಲ್ಲಿ ಒಂದನ್ನೂ ಅವನು ಇನ್ನೂ ಯಾವ ಯಂತ್ರಕ್ಕೂ ಹಾಕಿರಲಿಲ್ಲ.

“ಬೇಡಪ್ಪಾ,” ಎಂದ. ದನಿ ಬೀದಿಯವರೆಗೆ ಮುಟ್ಟಲಿಲ್ಲ. ಕೂಗಿದವನು ಇನ್ನೆರಡು ಸಲ ಕೂಗಿ ಹೊರಟುಹೋದ.

ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ಒಳಗೆ ಹೋದರು.

“ಈಗ?” ಎಂದಳು.

“ಈಗ ಯಾರೂ ಇಲ್ಲ. ಯಾರದೋ ರಿಬ್ಬನ್ ಬಿದ್ದಿದೆ.”

“ಯಾವ ಬಣ್ಣ?”

ಅವನ ಕಣ್ಣು ಮಂಜಾಗಿತ್ತು. ಅವನು ಅಂಗಿಯ ತೋಳಿನಿಂದ ಒರೆಸಿಕೊಂಡು, ಅವಳಿಗಾಗಿ ಮತ್ತೊಮ್ಮೆ ನೋಡಿದ.