ಒಡಕು ಹಂಚಿನ ಸದ್ದು

ಇದನ್ನು ಬರೆಯದೆ ವರ್ಷಗಳಿಂದ ತಪ್ಪಿಸಿಕೊಂಡಿದ್ದೇನೆ. ಪ್ರತಿ ವಾರ ಈ ಅಂಕಣಕ್ಕೆ ಬೇರೇನಾದರೂ ಸಿಗುತ್ತಿತ್ತು: ಗಟಾರ, ಟ್ರಾಫಿಕ್, ನನ್ನ ಮೊಣಕಾಲು. ಈ ವಾರ ಆಗಲಿಲ್ಲ.

ರಾಮತೀರ್ಥ ನಗರದ ನಮ್ಮ ಪಕ್ಕದ ಮನೆಯ ಪ್ರೀತಿ, ಹತ್ತನೆಯ ತರಗತಿಯವಳು, ಪುಸ್ತಕ ಹಿಡಿದು ಬಂದಳು. "ಅಜ್ಜಾ, ಪೇಪರಿನ್ಯಾಗ ಬರೀತೀರಲ್ಲ, ಈ ಕಥಿ ಆಶಯ ಏನ ಹೇಳ್ರಿ."

ಓದಿದೆ. ಒಬ್ಬಾತ ಪಕ್ಕದ ಮನೆಯವನ ಆಡು ಕದ್ದು, ಮರುದಿನ ತಾನೇ ವಾಪಸ್ ಕಟ್ಟಿ ಬರುತ್ತಾನೆ. "ಕಳವು" ಎಂದೆ.

"ಅಯ್ಯ ಅಜ್ಜಾ! ಅದು ಕಥಿಯೊಳಗ ನಡೆದಿದ್ದು. ಆಶಯ ಅಂದ್ರ, ಅದನ್ನ ಯಾಕ ಹೇಳ್ಯಾರ ಅನ್ನೂದು. ಕಳವು ಅಂತ ಬರದ್ರ ನಮ್ಮ ಟೀಚರ್ ಸೊನ್ನಿ ಹಾಕ್ತಾರ!"

ನನಗೆ ಆ ಸೊನ್ನೆ ನಲವತ್ತು ವರ್ಷ ತಡವಾಗಿ ಬಂತು.

ಆಗ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ನಾನು ಚೆಕರ್. ಹಂಚನ್ನು ಬೆರಳಿನಿಂದ ಬಡಿದು ಕೇಳುವುದೇ ಕೆಲಸ. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಡಕು. (ಮ್ಯಾಟ್ರಿಕ್ ಪಾಸಾದವನೆಂದು ಕಾರ್ಮಿಕರ ಕೈಬರಹದ ಪತ್ರಿಕೆಗೂ ನಾನೇ ಸಂಪಾದಕ.) ಪ್ರತಿ ಕಥೆಯ ಕೆಳಗೆ ಕೆಂಪು ಶಾಯಿಯಲ್ಲಿ 'ಆಶಯ' ಬರೆಯುವುದು ನನ್ನ ಚಟ.

ಹಂಚು ಹೊರುವ ಹೆಣ್ಣುಮಗಳೊಬ್ಬಳು ಕಥೆ ಕೊಟ್ಟಳು. ಮನೆಮಾತು ಮರಾಠಿ, ಬರೆದದ್ದು ಕನ್ನಡದಲ್ಲಿ. ಕಥೆಯ ವಿಧವೆ ಕಾರ್ಖಾನೆಯಿಂದ ದಿನಕ್ಕೊಂದು ಒಡಕು ಹಂಚನ್ನು ಸೆರಗಿನಲ್ಲಿ ಮುಚ್ಚಿ ಒಯ್ಯುತ್ತಾಳೆ. ಸಂಜೆ ಗೋಡೆಗೆ ಸಾಲಾಗಿ ಒರಗಿಸಿ ಒಂದೊಂದನ್ನೇ ಬಡಿದು ಕೇಳುತ್ತಾಳೆ. ಅಷ್ಟೇ ಕಥೆ.

ನಾನು ಬರೆದೆ: 'ಆಶಯ: ಕಳವು.'

ಅಲ್ಲಿಗೆ ಬಿಟ್ಟಿದ್ದರೆ? ಇದು ಕಥೆಯಲ್ಲ, ಕಳವಿನ ಕಬೂಲಿ ಎಂದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಆಕೆಯ ಮನೆಯಲ್ಲೆಲ್ಲ ಹುಡುಕಿಸಿದರು. ಒಂದು ಹಂಚೂ ಸಿಗಲಿಲ್ಲ. ಆದರೂ ಕೆಲಸದಿಂದ ತೆಗೆದರು.

ಗೇಟಿನಲ್ಲಿ ಆಕೆ ಬೈಯಲಿಲ್ಲ. "ಅಣ್ಣಾರ, ದಿನಾ ಹಂಚು ಬಡದು ಆವಾಜ್ ಕೇಳ್ತೀರಿ. ಖರೇ ಹೇಳ್ರಿ, ನನ್ನ ಕಥಿ ಆವಾಜ್ ಕೇಳಿಸಲಿಲ್ಲೇನ್ರಿ?"

ನಾನು ಕೈಗಡಿಯಾರ ನೋಡಿಕೊಂಡೆ. ಆ ವರ್ಷವೇ ಆಕೆಯ ಗಂಡ ತೀರಿಕೊಂಡಿದ್ದ. ಅದೂ ನನಗೆ ಗೊತ್ತಿತ್ತು.

ಈಗ ಕೇಳಿಸುತ್ತದೆ. ನನ್ನ ಹೆಂಡತಿ ಹೋದ ಮೇಲೆ, ನೋಡದಿದ್ದರೂ ಟಿವಿ ಹಚ್ಚಿಡುತ್ತೇನೆ. ಕುಕ್ಕರ್ ಸೀಟಿ ಹೊಡೆದರೆ "ಬಂದೆ" ಎನ್ನುತ್ತೇನೆ. ಮನೆಯಲ್ಲಿ ಇನ್ನೊಂದು ದನಿ ಬೇಕು, ಒಡಕಾದರೂ ನಡೆದೀತು. ಇದನ್ನು ತಿಳಿಯಲು ನನಗೆ ಯಾವ ಟೀಚರ್ ಬೇಕಾಗಿತ್ತು?

ಎರಡು ಸಲ ಖಾನಾಪುರಕ್ಕೆ ಟಿಕೆಟ್ ತೆಗೆಸಿದೆ. ಎರಡೂ ಸಲ ನಡುದಾರಿಯ ದೇಸೂರಿನಲ್ಲೇ ಇಳಿದು ವಾಪಸ್ ಬಂದೆ.

ಆ ಪತ್ರಿಕೆ ನನ್ನ ಟ್ರಂಕಿನಲ್ಲಿದೆ. ಮೊನ್ನೆ ಪ್ರೀತಿ ಹೋದ ಮೇಲೆ ತೆಗೆದು ಕೆಂಪು ಸಾಲನ್ನು ಹೊಡೆದುಹಾಕಿದೆ. ಸಂಪಾದಕನ ಹೆಸರು ದಪ್ಪಕ್ಷರದಲ್ಲಿದೆ. ಬರೆದವರ ಹೆಸರಿರಬೇಕಾದ ಜಾಗದಲ್ಲಿ 'ಒಬ್ಬ ಮಹಿಳೆ' ಎಂದಷ್ಟೇ ಹಾಕಿದ್ದೆ.

ಅವರ ಹೆಸರು ಶೇವಂತಾಬಾಯಿ.